ಚೋಕನ್ನು ದೂರುವ ಮೊದಲು ವ್ಯಾಡ್ ಹೆಕ್ಕಿ ನೋಡಿ: ಬಾಯಿಯಿಂದ ತುಂಬುವ ಚರೆಕೋವಿಯ ದೋಷ ನಿವಾರಣೆ

ಗುರಿಹಾಳೆಯ ಮೇಲೆ ಚರೆ ಸರಿಯಾಗಿ ಕೂರದಿದ್ದರೆ ಹೆಚ್ಚಿನವರು ಮೊದಲು ದೂರುವುದು ಚೋಕನ್ನು, ಅಂದರೆ ನಳಿಗೆಯ ಬಾಯಿ ಕಿರಿದಾಗುವ ಭಾಗವನ್ನು. ಚೋಕ್ ಸಾಲದು ಎನ್ನುವವರು ಕೆಲವರು, ಅತಿಯಾಯಿತು ಎನ್ನುವವರು ಕೆಲವರು. ಅಲ್ಲಿಂದ ನಳಿಗೆಯ ಬಾಯಿಗೆ ಕೈ ಹಚ್ಚುವ ಯೋಚನೆ ಶುರುವಾಗುತ್ತದೆ. ಹಾಗೆ ಮಾಡಬೇಡಿ. ಇಂಥ ಕೋವಿಗಳಲ್ಲಿ ನಾನು ಕಂಡ ದೋಷಗಳಲ್ಲಿ ಹೆಚ್ಚಿನವು ನಳಿಗೆಯವಲ್ಲ, ಮದ್ದಿಗೂ ಚರೆಗೂ ನಡುವೆ ಕೂರುವ ವ್ಯಾಡಿನವು. ನಳಿಗೆಯಿಂದ ಒಮ್ಮೆ ಕೆರೆದು ತೆಗೆದ ಲೋಹ ಮತ್ತೆ ಬಂದು ಕೂಡುವುದಿಲ್ಲ. ರಟ್ಟಿನ ಬಿಲ್ಲೆ ಬದಲಿಸುವುದಕ್ಕೆ ಎರಡು ನಿಮಿಷ ಸಾಕು. ಆದ್ದರಿಂದ ಈ ಬರಹ ಬಿಲ್ಲೆಯಿಂದ ಶುರುವಾಗಿ ನಳಿಗೆಯ ಕಡೆಗೆ ಹೋಗುತ್ತದೆ.

ಮೊದಲು ಮಾತಿನಲ್ಲಿ ಗೊಂದಲ ಬೇಡ. ತಳದಲ್ಲಿ ಮದ್ದು ಇರುತ್ತದೆ. ಅದರ ಮೇಲೆ ಕೂರುವ ಸುಮಾರು 3 ಮಿಲಿಮೀಟರ್ ದಪ್ಪದ ಗಟ್ಟಿ ಬಿಲ್ಲೆಯನ್ನು ಅಡಿರಟ್ಟು ಎನ್ನುತ್ತೇನೆ. ಹಿಂದಿನಿಂದ ಬರುವ ಬಿಸಿ ಅನಿಲವನ್ನು ತಡೆಯುವುದು ಇದರ ಕೆಲಸ. ಅದರ ಮೇಲೆ ನಾರಿನ ಮೆತ್ತೆ. ಇದು ಸುಮಾರು 12 ಮಿಲಿಮೀಟರ್ ದಪ್ಪವಿದ್ದು, ಸಾಮಾನ್ಯವಾಗಿ ಜಿಡ್ಡು ಹೀರಿಕೊಂಡಿರುತ್ತದೆ. ಹೊಡೆತದ ಕುಲುಕನ್ನು ತಗ್ಗಿಸುವುದು, ನಳಿಗೆಯೊಳಗಿನ ಮಸಿಯನ್ನು ಮೆದುವಾಗಿಡುವುದು ಇದರ ಪಾಲು. ಅದರ ಮೇಲೆ ಚರೆ. ಚರೆ ಉರುಳಿ ಹೊರಬೀಳದಂತೆ ಎಲ್ಲಕ್ಕಿಂತ ಮೇಲೆ 1 ಮಿಲಿಮೀಟರಿಗಿಂತ ತೆಳುವಾದ ಮೇಲುರಟ್ಟು. ಚೋಕ್ ಎಂದರೆ ನಳಿಗೆಯ ಬಾಯಿಯ ಬಳಿ ಒಳಗಾತ್ರ ಕಿರಿದಾಗುವ ಭಾಗ. ಪೂರ್ತಿ ಚೋಕಿನಲ್ಲಿಯೂ ಈ ಕಿರಿದಾಗುವಿಕೆ ಸುಮಾರು 1 ಮಿಲಿಮೀಟರ್ ಮಾತ್ರ.

ಹಳೆಯ ಕೋವಿಯಲ್ಲಿ ಚೋಕ್ ಇಲ್ಲದಿರುವುದು ದೋಷವೇ ಅಲ್ಲ. ಇಂಗ್ಲೆಂಡಿನ ಪೇಪ್ ಎಂಬ ಕೋವಿ ತಯಾರಕರು ಚೋಕಿಗೆ ಪೇಟೆಂಟ್ ಪಡೆದದ್ದು 1866ರಲ್ಲಿ. ಅಲ್ಲಿಯದೇ ಇನ್ನೊಬ್ಬ ತಯಾರಕ ಗ್ರೀನರ್ ಅವರ ಕೆಲಸದಿಂದ ಅದು ಎಲ್ಲೆಡೆ ಹರಡಿದ್ದು 1870ರ ದಶಕದಲ್ಲಿ. ಆ ಹೊತ್ತಿಗೆ ತೋಟಾ ಕೋವಿಗಳು ಬಂದಾಗಿತ್ತು. ಹಾಗಾಗಿ ಬಾಯಿಯಿಂದ ತುಂಬುವ ಹಳೆಯ ಕೋವಿಗಳಲ್ಲಿ ಬಹುಪಾಲು ಉದ್ದಕ್ಕೂ ಒಂದೇ ಗಾತ್ರದ ನೇರ ನಳಿಗೆಯವು. ಅಂಥದರಿಂದ ಪೂರ್ತಿ ಚೋಕಿನ ಹರಡಿಕೆ ಕೇಳುವುದು ನ್ಯಾಯವಲ್ಲ.

ಕೈ ಹಾಕುವ ಮೊದಲು

ಇವುಗಳಲ್ಲಿ ಯಾವುದಕ್ಕೂ ರಿಯಾಯಿತಿ ಇಲ್ಲ. ಕರಿಮದ್ದು ಅಥವಾ ಕೋವಿಯ ತಯಾರಕರು ಒಪ್ಪಿದ ಬದಲಿ ಮದ್ದು ಮಾತ್ರ ಬಳಸಬೇಕು. ಹೊಗೆರಹಿತ ಮದ್ದು ಚಿಟಿಕೆಯಷ್ಟು ಬಿದ್ದರೂ ನಳಿಗೆ ಸಿಡಿಯಬಹುದು. ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ಹಿಂದಿನ ಈಡಿನ ಕಿಡಿಯೊಂದು ಒಳಗೆ ಉಳಿದಿದ್ದರೆ ಡಬ್ಬಿಯೇ ಹೊತ್ತಿಕೊಳ್ಳುತ್ತದೆ. ಅಳತೆಯ ಪಾತ್ರೆಗೆ ತೆಗೆದುಕೊಂಡು ಸುರಿಯಿರಿ. ಕೇಪು, ಅಂದರೆ ಬಡಿದಾಗ ಕಿಡಿ ಹಾರಿಸಿ ಮದ್ದು ಹೊತ್ತಿಸುವ ಪುಟ್ಟ ಟೊಪ್ಪಿಗೆ, ಇಡುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಜೋಡುನಳಿಗೆಯಲ್ಲಿ ಒಂದನ್ನು ಮತ್ತೆ ತುಂಬುವಾಗ ಇನ್ನೊಂದರ ಮೇಲಿರುವ ಕೇಪನ್ನು ತೆಗೆದಿರಬೇಕು. ಮುಖವಾಗಲಿ ಅಂಗೈಯಾಗಲಿ ನಳಿಗೆಯ ಬಾಯಿಗೆ ಅಡ್ಡ ಬರಬಾರದು. ಈಡನ್ನು ಒಳಗೆ ತಳ್ಳಿ ಕೂರಿಸುವ ಕೋಲಾದ ಗಜವನ್ನು ಬೆರಳುಗಳಲ್ಲಿ ಹಿಡಿದು ತುಸು ತುಸುವೇ ಇಳಿಸಿ, ಮುಷ್ಟಿಯಲ್ಲಿ ಅದುಮಬೇಡಿ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇರಲಿ. ಒಣಹುಲ್ಲಿನ ನೆಲವಾದರೆ ಪಕ್ಕದಲ್ಲಿ ನೀರಿರಲಿ, ಏಕೆಂದರೆ ಮೆತ್ತೆಗಳು ಹೊಗೆಯಾಡುತ್ತಲೇ ನೆಲಕ್ಕೆ ಬೀಳುತ್ತವೆ.

ಗಜದ ಮೇಲೆ ಎರಡು ಗುರುತು ಮಾಡಿಟ್ಟುಕೊಳ್ಳಿ. ಖಾಲಿ ನಳಿಗೆಗೆ ಇಳಿಸಿದಾಗ ಬಾಯಿಯ ಮಟ್ಟಕ್ಕೆ ಬರುವುದು ಒಂದು. ನಿಮ್ಮ ಮಾಮೂಲಿ ಈಡು ಪೂರ್ತಿ ಕೂತಾಗ ಬರುವುದು ಇನ್ನೊಂದು. ಮುಂದಿನ ಅರ್ಧ ಪರೀಕ್ಷೆಗಳು ಈ ಎರಡು ಗೆರೆಗಳನ್ನೇ ನಂಬಿಕೊಂಡಿವೆ.

ದೋಷ ಇದೆಯೇ ಎಂದು ತಿಳಿಯುವುದು

ಒಂದು ಈಡು ನೋಡಿ ತೀರ್ಪು ಕೊಡಬೇಡಿ. ಸುಮಾರು 120 ಸೆಂಟಿಮೀಟರ್ ಅಗಲದ ಹಾಳೆಗೆ ಒಂದೇ ಒಂದು ಈಡು ಹೊಡೆಯಿರಿ. ಚರೆ ದಟ್ಟವಾಗಿ ಬಿದ್ದ ಜಾಗವನ್ನು ನಡುವಾಗಿಟ್ಟು 76 ಸೆಂಟಿಮೀಟರ್ ವ್ಯಾಸದ ವೃತ್ತ ಎಳೆಯಿರಿ. ಒಳಗಿನ ತೂತುಗಳನ್ನು ಎಣಿಸಿ. ನಿಮ್ಮ ಅಳತೆಯಲ್ಲಿ ಎಷ್ಟು ಚರೆ ಹಿಡಿಯುತ್ತದೆ ಎಂಬುದನ್ನು ಒಮ್ಮೆ ಕೈಯಾರೆ ಎಣಿಸಿಟ್ಟುಕೊಂಡಿದ್ದರೆ ಶೇಕಡಾವಾರು ಸಿಕ್ಕಿತು. ಹೊಸ ಹಾಳೆಗಳಿಗೆ ಹೀಗೆ ಐದು ಸಲ ಆಗಬೇಕು.

ರೂಢಿಯ ದೂರ 40 ಗಜ (ಯಾರ್ಡ್), ಅಂದರೆ ಸುಮಾರು 36.6 ಮೀಟರ್. ಅಲ್ಲಿ ನೇರ ನಳಿಗೆ ವೃತ್ತದೊಳಗೆ ಸುಮಾರು ಶೇ. 40 ಚರೆ ಇಡುತ್ತದೆ, ಪೂರ್ತಿ ಚೋಕ್ ಸುಮಾರು ಶೇ. 70 ಇಡುತ್ತದೆ. ನೇರ ನಳಿಗೆಯನ್ನು 20ರಿಂದ 25 ಗಜದಲ್ಲಿ ನೋಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಅದರ ಕೆಲಸದ ದೂರವೇ ಅದು.

ಅದಕ್ಕಿಂತಲೂ ಮುಖ್ಯವಾದದ್ದು ನೆಲದ ಮೇಲಿದೆ. ಮೈದಾನದಲ್ಲಿ ಎಲ್ಲರೂ ಗುಂಡು ಹೊಡೆಯುವುದನ್ನು ನಿಲ್ಲಿಸಿದ ಮೇಲೆ ಮುಂದೆ ನಡೆದು ಹೋಗಿ ನಿಮ್ಮ ಅಡಿರಟ್ಟುಗಳನ್ನು ಹೆಕ್ಕಿ. ಹೆಚ್ಚಿನವು ಮೂವತ್ತು ಹೆಜ್ಜೆಯೊಳಗೇ ಸಿಗುತ್ತವೆ. ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ. ಒಳ್ಳೆಯ ಅಡಿರಟ್ಟಿನ ತಳ ಒಂದೇ ಸಮನೆ ಕಪ್ಪಾಗಿರುತ್ತದೆ, ಅಂಚು ಮಾತ್ರ ರಟ್ಟಿನ ಬಣ್ಣದಲ್ಲೇ ಉಳಿದಿರುತ್ತದೆ. ಅಂಚಿನ ಒಂದು ಕಡೆ ಚಂದ್ರನ ತುಣುಕಿನಂತೆ ಮಸಿ ಮೇಲಕ್ಕೆ ಹತ್ತಿದ್ದರೆ ರಟ್ಟು ಓರೆಯಾಗಿ ಕೂತಿತ್ತು, ಅನಿಲ ಆ ಕಡೆಯಿಂದ ನುಗ್ಗಿತು ಎಂದರ್ಥ. ಅಂಚು ಸುತ್ತಲೂ ಸುಟ್ಟಿದ್ದರೆ ರಟ್ಟು ನಳಿಗೆಗಿಂತ ಚಿಕ್ಕದು. ನಡುವೆ ತೂತು ಬಿದ್ದಿದ್ದರೆ ಮದ್ದಿಗೆ ತಕ್ಕ ದಪ್ಪ ಅದಕ್ಕಿಲ್ಲ. ಅಡಿರಟ್ಟು ಹಾಕಿಯೂ ಮೆತ್ತೆಯ ತಳ ಕರಕಲಾಗಿದ್ದರೆ ತಡೆ ಎಲ್ಲೋ ಸೋರಿದೆ. ಈ ನಾಲ್ಕು ಗುರುತು ಓದಲು ಕಲಿತರೆ ಅರ್ಧ ರೋಗ ಪತ್ತೆಯಾದಂತೆ.

ಲಕ್ಷಣ: ಹರಡಿಕೆಯ ನಡುವೆ ಖಾಲಿ, ಸುತ್ತ ಬಳೆಯಂತೆ ಚರೆ

ಇದು ಎಲ್ಲಕ್ಕಿಂತ ಸಾಮಾನ್ಯವಾದದ್ದು, ಸರಿಪಡಿಸಲೂ ಸುಲಭ. ನಳಿಗೆಯಿಂದ ಹೊರಬಿದ್ದ ಕ್ಷಣದಲ್ಲಿ ಭಾರವಾದ ಮೆತ್ತೆ, ಹಿಂದಿನಿಂದ ಇನ್ನೂ ದೂಡುತ್ತಿರುವ ಅನಿಲದ ಬಲದಿಂದ ಚರೆಯ ಗುಂಪಿನೊಳಕ್ಕೆ ನುಗ್ಗುತ್ತದೆ. ಗುಂಪು ನಡುವೆ ಒಡೆದು ಪಕ್ಕಕ್ಕೆ ಸರಿಯುತ್ತದೆ.

ಮೊದಲು ಮದ್ದು ಇಳಿಸಿ. ಮದ್ದಿಗೂ ಚರೆಗೂ ಒಂದೇ ಅಳತೆಯ ಪಾತ್ರೆ ಬಳಸುವುದು, ಅಂದರೆ ತೂಕದಲ್ಲಲ್ಲದೆ ಗಾತ್ರದಲ್ಲಿ ಎರಡನ್ನೂ ಸಮ ಮಾಡುವುದು ಹಳೆಯ ರೂಢಿ. ಅಲ್ಲಿಂದ ಶುರುಮಾಡಿ, ಚರೆಯನ್ನು ಹಾಗೆಯೇ ಇಟ್ಟು ಮದ್ದನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಹೋಗಿ. ಯಾವ ಹಂತದಲ್ಲೂ ತಯಾರಕರು ಹೇಳಿದ ಮಿತಿಯನ್ನು ಮೀರಬಾರದು. ಮದ್ದು ಹೆಚ್ಚಿದಷ್ಟೂ ದೂರ ಹೋಗುತ್ತದೆ ಎಂದು ನಂಬಿದವರು ನೇರ ನಳಿಗೆಯಿಂದ ಖಾಲಿ ಬಳೆಗಳನ್ನೇ ಹೊಡೆಯುತ್ತಿರುತ್ತಾರೆ.

ಮದ್ದು ಇಳಿಸಿದ ಮೇಲೂ ನಡು ತುಂಬದಿದ್ದರೆ ಮೆತ್ತೆಯ ಸರದಿ. ಚೂಪಾದ ಚಾಕುವಿನಿಂದ ಅದನ್ನು ಅಡ್ಡಕ್ಕೆ ಸೀಳಿ ಅರ್ಧ ದಪ್ಪ ಮಾಡಿ. ಜಿಡ್ಡಿನಲ್ಲಿ ಪೂರ್ತಿ ಮುಳುಗಿಸಿದ ಮೆತ್ತೆ ತೂಕದಲ್ಲಿ ಒಣಮೆತ್ತೆಗಿಂತ ಎಷ್ಟೋ ಹೆಚ್ಚು. ಒಂದನ್ನು ಬೆರಳಲ್ಲಿ ಹಿಂಡಿ ನೋಡಿ, ಜಿಡ್ಡು ತೊಟ್ಟಿಕ್ಕುವಂತಿದ್ದರೆ ಅದು ಅತಿಯಾಯಿತು. ಮೆತ್ತೆಯನ್ನೇ ಬಿಟ್ಟು ಅಡಿರಟ್ಟಿನ ಮೇಲೆ ಎರಡು ಮೂರು ತೆಳು ಮೇಲುರಟ್ಟುಗಳನ್ನು ಜೋಡಿಸಿಯೂ ನೋಡಬಹುದು. ಹೊರಗೆ ಬಿದ್ದೊಡನೆ ಅವು ಬಿಡಿಬಿಡಿಯಾಗಿ ಗಾಳಿಗೆ ಸಿಕ್ಕಿ ಹಿಂದುಳಿಯುತ್ತವೆ, ಚರೆಯನ್ನು ತಳ್ಳುವುದಿಲ್ಲ.

ಚರೆಯ ಮೇಲೆ ದಪ್ಪ ಅಡಿರಟ್ಟನ್ನೇ ಹಾಕುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಚರೆಯ ದಾರಿಗೆ ಅದು ಅಡ್ಡ ಬರುತ್ತದೆ. ಅಲ್ಲಿ ತೆಳು ರಟ್ಟೇ ಇರಬೇಕು.

ಲಕ್ಷಣ: ಹರಡಿಕೆ ತೇಪೆ ತೇಪೆಯಾಗಿದೆ, ಕೆಲವೆಡೆ ಚರೆ ಒಟ್ಟೊಟ್ಟಿಗೆ ಅಂಟಿ ಬಿದ್ದಿದೆ

ಇಲ್ಲಿ ಹೆಕ್ಕಿದ ರಟ್ಟು ಮಾತಾಡುತ್ತದೆ. ಅಂಚು ಸುಟ್ಟಿದ್ದರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿ ಮೆದು ಸೀಸದ ಚರೆಗಳನ್ನು ಒಂದಕ್ಕೊಂದು ಬೆಸೆದಿದೆ. ಆಗ ನೋಡಬೇಕಾದ್ದು ಗಾತ್ರವನ್ನು.

ಕೋವಿಯ ಮೇಲೆ ಕೆತ್ತಿದ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ನನ್ನ ಕೈಗೆ ಬಂದ ಒಂದು ಹಳೆಯ ಜೋಡುನಳಿಗೆಗೆ 12 ಬೋರ್ ಎಂದೇ ಹೆಸರಿತ್ತು (ಬೋರ್ ಎಂಬುದು ಒಳಗಾತ್ರದ ಅಂಕಿ, ಅಂಕಿ ಕಿರಿದಾದಷ್ಟೂ ನಳಿಗೆ ಅಗಲ). ಒಂದು ಇಡೀ ದಿನ ಮದ್ದು ಬದಲಿಸಿದೆ, ಚರೆ ಬದಲಿಸಿದೆ, ಹಾಳೆಗಳ ಮೇಲೆ ತೇಪೆಗಳೇ ಬಂದವು. ಸಂಜೆ ಹೆಕ್ಕಿದ ಏಳು ರಟ್ಟುಗಳನ್ನು ಸಾಲಾಗಿ ಇಟ್ಟಾಗ ಏಳರದ್ದೂ ಅಂಚು ಕರಕಲು. ಒಳಗಾತ್ರ ಅಳೆದರೆ 19.1 ಮಿಲಿಮೀಟರ್, ಅಂದರೆ 11 ಬೋರ್. 12 ಬೋರಿನ ಅಳತೆ 18.5 ಮಿಲಿಮೀಟರ್. ಆ ಅರ್ಧ ಮಿಲಿಮೀಟರ್ ಸಂದಿಯಲ್ಲಿ ಇಡೀ ದಿನದ ಶ್ರಮ ಸೋರಿಹೋಗಿತ್ತು. 11ರ ರಟ್ಟು ಹಾಕಿದ ಮೊದಲ ಈಡಿಗೇ ಹಾಳೆ ತುಂಬಿತು. ಹೋಲಿಸಿಕೊಳ್ಳಲು ಉಳಿದ ಅಳತೆಗಳು ಹೀಗಿವೆ: 10 ಬೋರ್ 19.7, 14 ಬೋರ್ 17.6, 16 ಬೋರ್ 16.8, 20 ಬೋರ್ 15.6 ಮಿಲಿಮೀಟರ್. ಅಳೆಯುವುದು ಬಾಯಿಯಲ್ಲಲ್ಲ, ಒಳಗೆ. ಬಾಯಿಯಲ್ಲಿ ಚೋಕ್ ಇದ್ದರೆ ಅಳತೆ ತಪ್ಪುತ್ತದೆ. ಬಾಯಿ ಸವೆದು ಅಗಲವಾಗಿದ್ದರೂ ತಪ್ಪುತ್ತದೆ.

ಗಾತ್ರ ಸರಿಯಿದ್ದೂ ಅಂಚಿನ ಒಂದೇ ಕಡೆ ಮಸಿ ಹತ್ತಿದ್ದರೆ ರಟ್ಟು ಓರೆಯಾಗುತ್ತಿದೆ. ಗಜದ ತುದಿ ಬಹಳ ಸಣ್ಣದಿದ್ದರೆ ಹೀಗಾಗುತ್ತದೆ. ನಳಿಗೆಯ ಗಾತ್ರಕ್ಕೆ ಹತ್ತಿರವಾದ ಚಪ್ಪಟೆ ತುದಿ ಇರುವ ಗಜ ಬಳಸಿ.

ಪ್ಲಾಸ್ಟಿಕ್ ಬಟ್ಟಲಿನಲ್ಲಿ ಚರೆ ತುಂಬುವವರಿಗೆ ಇನ್ನೆರಡು ಕಾರಣ ಇರಬಹುದು. ಬಟ್ಟಲಿನ ಎಸಳುಗಳು ಬಿಚ್ಚದೆ ಇಡೀ ಚರೆ ಒಂದೇ ಮುದ್ದೆಯಾಗಿ ಹೋಗಿರಬಹುದು. ಹಾಳೆಯಲ್ಲಿ ದೊಡ್ಡ ಹರಿದ ತೂತು ಕಂಡರೆ ಅದೇ. ಇಲ್ಲವೇ ಬಿಸಿಗೆ ಪ್ಲಾಸ್ಟಿಕ್ ಕರಗಿ ನಳಿಗೆಗೆ ಉದ್ದುದ್ದ ಗೆರೆಗಳಾಗಿ ಹತ್ತಿಕೊಂಡಿರಬಹುದು. ಬಟ್ಟಲಿನ ಕೆಳಗೆ ಗಟ್ಟಿ ಅಡಿರಟ್ಟು ಇಟ್ಟರೆ ಕರಗುವುದು ಕಡಿಮೆಯಾಗುತ್ತದೆ.

ಉಕ್ಕಿನ ಚರೆಯ ಬಗ್ಗೆ ಒಂದೇ ಮಾತು. ಅದಕ್ಕೆಂದೇ ತಯಾರಾದ ನಳಿಗೆ, ಅದಕ್ಕೆ ತಕ್ಕ ಬಟ್ಟಲು ಎರಡೂ ಇಲ್ಲದಿದ್ದರೆ ಬಳಸಬೇಡಿ. ಹಳೆಯ ಮೆದು ನಳಿಗೆಯನ್ನು ಅದು ಗೀರಿ ಹಾಳುಮಾಡುತ್ತದೆ, ಬಿಗಿ ಚೋಕನ್ನು ಉಬ್ಬಿಸುತ್ತದೆ.

ಲಕ್ಷಣ: ಮೊದಲೆರಡು ಈಡು ಚೆನ್ನ, ಆಮೇಲೆ ಕೆಡುತ್ತದೆ

ಇದು ಮಸಿ. ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಪಾಲು ಘನವಸ್ತುವಾಗಿ ಉಳಿಯುತ್ತದೆ. ಅದು ನಳಿಗೆಯ ಒಳಮೈಗೆ, ಚೋಕ್ ಇದ್ದರೆ ಅದರ ಇಳಿಜಾರಿಗೆ ಹತ್ತಿಕೊಳ್ಳುತ್ತದೆ. ಎರಡು ಮೂರು ಈಡಿಗೊಮ್ಮೆ ತುಸು ಒದ್ದೆಯಾದ ಬಟ್ಟೆಯನ್ನು ಒಳಗೆ ಆಡಿಸಿ, ನಂತರ ಒಣಬಟ್ಟೆ ಎಳೆಯಿರಿ. ಮೆತ್ತೆಗೆ ಪೆಟ್ರೋಲಿಯಂ ಮೂಲದ ಎಣ್ಣೆ ಹಾಕಿದ್ದರೆ ಮಸಿ ಡಾಂಬರಿನಂತೆ ಗಟ್ಟಿಯಾಗುತ್ತದೆ. ಜೇನುಮೇಣ ಮತ್ತು ಸಸ್ಯದ ಎಣ್ಣೆಯ ಮಿಶ್ರಣವೇ ವಾಸಿ. ಶುಚಿಮಾಡಿದ ಮೇಲೂ ಬಾಯಿಯ ಬಳಿ ಬೂದುಬಣ್ಣದ ಮಿನುಗುವ ಗೆರೆ ಉಳಿದರೆ ಅದು ಸೀಸ. ಕಂಚಿನ ಬ್ರಷ್ಷಿನಿಂದ ಬಿಡಿಸಿ. ಮುಂದೆ ಗಟ್ಟಿ ಚರೆ ಬಳಸಿದರೆ ಇದು ಕಡಿಮೆಯಾಗುತ್ತದೆ.

ಲಕ್ಷಣ: ಸದ್ದು ಮೆತ್ತಗೆ, ಭುಜಕ್ಕೆ ಒದೆತವಿಲ್ಲ

ಢಮ್ ಎನ್ನಬೇಕಾದದ್ದು ಬುಸ್ಸೆಂದರೆ ತಕ್ಷಣ ನಿಲ್ಲಿಸಿ. ವ್ಯಾಡ್ ಅಥವಾ ಚರೆ ನಳಿಗೆಯ ನಡುವೆ ಸಿಕ್ಕಿರಬಹುದು. ಇನ್ನೊಂದು ಈಡು ಹಾಕಿದರೆ ನಳಿಗೆ ಸಿಡಿಯುತ್ತದೆ. ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ. ಆಮೇಲೆ ಕೇಪು ತೆಗೆದು ಗಜ ಇಳಿಸಿ. ಖಾಲಿಯ ಗುರುತು ಬಾಯಿಯ ಮಟ್ಟಕ್ಕೆ ಬಂದರೆ ಮಾತ್ರ ನಳಿಗೆ ತೆರವಾಗಿದೆ.

ಕಾರಣಗಳಲ್ಲಿ ಮೊದಲನೆಯದು ಜಿಡ್ಡು. ಅಡಿರಟ್ಟಿಲ್ಲದೆ ಜಿಡ್ಡಿನ ಮೆತ್ತೆಯನ್ನು ನೇರ ಮದ್ದಿನ ಮೇಲೆ ಕೂರಿಸಿ ಬಹಳ ಹೊತ್ತು ಬಿಟ್ಟರೆ ಮದ್ದು ಜಿಡ್ಡನ್ನು ಹೀರುತ್ತದೆ. ಎರಡನೆಯದು ಸಡಿಲ ರಟ್ಟು. ಮೂರನೆಯದು ಶುಚಿಮಾಡಿ ಒಣಗಿಸದೆ ತುಂಬಿದ ನಳಿಗೆ.

ಲಕ್ಷಣ: ರಟ್ಟು ಒಳಗೆ ಹೋಗುತ್ತಿಲ್ಲ, ಅಥವಾ ಹೋದದ್ದು ಮೇಲೆ ಬರುತ್ತಿದೆ

ಎಲ್ಲಿ ಬಿಗಿಯಾಗುತ್ತದೆ ಎಂಬುದನ್ನು ಕೈಗೆ ಕೇಳಿ. ಬಾಯಿಯಲ್ಲಿ ಬಿಗಿ, ಕೆಲವು ಬೆರಳಗಲದಷ್ಟು ಒಳಗೆ ಹೋದ ಮೇಲೆ ಸಡಿಲ ಎಂದಾದರೆ ಚೋಕ್ ಇದೆ. ಬಾಯಿಯಲ್ಲಿ ಸರಿಯಾಗಿ ಹಿಡಿದು, ಸ್ವಲ್ಪ ಕೆಳಗೆ ಸಡಿಲವಾಗಿ, ಮತ್ತೆ ಬಿಗಿಯಾದರೆ ಅದು ಹೂಜಿ ಚೋಕ್. ಇಲ್ಲಿ ಬಾಯಿಯನ್ನು ಕಿರಿದು ಮಾಡುವ ಬದಲು ಅದರ ಹಿಂದಿನ ಒಂದು ಭಾಗವನ್ನು ಒಳಗಿನಿಂದ ತುಸು ಅಗಲಿಸಿರುತ್ತಾರೆ. ನಳಿಗೆಯ ಗಾತ್ರದ ರಟ್ಟು ತೊಡಕಿಲ್ಲದೆ ಹಾಯುವುದರಿಂದ ಬಾಯಿಯಿಂದ ತುಂಬುವ ಕೋವಿಗೆ ಇದಕ್ಕಿಂತ ಹೊಂದುವ ಚೋಕ್ ಇಲ್ಲ ಎಂದು ನನ್ನ ಭಾವನೆ. ನಡುವೆಲ್ಲೋ ಒಂದೇ ಜಾಗದಲ್ಲಿ ಬಿಗಿಯಾದರೆ ಅಲ್ಲಿ ನಳಿಗೆ ತಗ್ಗಾಗಿದೆ ಅಥವಾ ತುಕ್ಕು ಹಿಡಿದಿದೆ.

ಚೋಕ್ ಇರುವ ಕೋವಿಯಲ್ಲಿ ಎಲ್ಲರೂ ಎಡವುವ ಜಾಗ ಇದೇ. ಚೋಕಿನಲ್ಲಿ ತೂರುವ ರಟ್ಟು ಒಳಗೆ ಸಡಿಲ, ಒಳಗೆ ಬಿಗಿಯಾಗುವ ರಟ್ಟು ಚೋಕಿನಲ್ಲಿ ತೂರದು. ತಿರುಚಿ ಕೂರಿಸುವ ಚೋಕ್ ಆದರೆ ಅದನ್ನು ಬಿಚ್ಚಿ, ಈಡು ತುಂಬಿ, ಮತ್ತೆ ಕೂರಿಸಬೇಕು. ಕೇಪು ಇಲ್ಲ ಎಂದು ಖಚಿತಪಡಿಸಿಕೊಂಡು, ಬಾಯಿಯ ಎದುರಿಗೆ ನಿಲ್ಲದೆ ಪಕ್ಕದಿಂದ ಕೈ ಚಾಚಿ ಈ ಕೆಲಸ ಮಾಡಿ. ಅರ್ಧಕ್ಕೆ ನಿಂತ ಚೋಕಿನ ಅಂಚಿಗೆ ಚರೆ ಬಡಿದರೆ ಚೋಕ್ ಹಾರಿಹೋಗುತ್ತದೆ, ಆದ್ದರಿಂದ ಕೊನೆಯವರೆಗೆ ತಿರುಚಿ. ತೆಗೆಯಲಾಗದ ಚೋಕ್ ಆದರೆ ಒಂದು ದಪ್ಪ ರಟ್ಟಿನ ಬದಲು ನಾಲ್ಕೈದು ತೆಳು ರಟ್ಟುಗಳನ್ನು ಒಂದೊಂದಾಗಿ ಅಂಚಿನ ಮೇಲೆ ಓರೆಯಾಗಿ ತೂರಿಸಿ, ಚೋಕ್ ದಾಟಿದ ಮೇಲೆ ಗಜದಿಂದ ಚಪ್ಪಟೆಯಾಗಿ ಕೂರಿಸಿ.

ಗಜ ಎತ್ತಿದೊಡನೆ ರಟ್ಟು ಮೇಲೆ ತೇಲಿದರೆ ಕೆಳಗೆ ಗಾಳಿ ಸಿಕ್ಕಿದೆ. ಮೆತ್ತೆಗೂ ಮೇಲುರಟ್ಟಿಗೂ ಸೂಜಿಯಿಂದ ಒಂದು ತೂತು ಮಾಡಿದರೆ ಗಾಳಿ ಹೊರಹೋಗುತ್ತದೆ. ಅಡಿರಟ್ಟು ಇಳಿಯುವಾಗ ಗಾಳಿ ಕೇಪು ಕೂರುವ ನಿಪ್ಪಲ್ಲಿನಿಂದ ಸುಯ್ಯೆಂದು ಹೊರಬರಬೇಕು. ಆ ಸದ್ದು ಇಲ್ಲದಿದ್ದರೆ ಕಿಡಿಯ ದಾರಿ ಕಟ್ಟಿದೆ. ಈ ಈಡು ಹೊತ್ತಿಕೊಳ್ಳದಿರಬಹುದು ಎಂಬುದು ಹೊಡೆಯುವ ಮೊದಲೇ ತಿಳಿದಂತಾಯಿತು.

ಲಕ್ಷಣ: ಜೋಡುನಳಿಗೆಯಲ್ಲಿ ಹೊಡೆಯದೆ ಉಳಿದ ಈಡು ಜಾರಿದೆ

ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವ ದೋಷ ಇದು, ಏಕೆಂದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಒಂದು ನಳಿಗೆ ಹೊಡೆದಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಇನ್ನೊಂದರ ಮೇಲುರಟ್ಟು ಸಡಿಲವಿದ್ದರೆ ಅದೂ ಚರೆಯೂ ಬಾಯಿಯ ಕಡೆಗೆ ಸರಿಯುತ್ತವೆ. ಮದ್ದಿಗೂ ಚರೆಗೂ ನಡುವೆ ಖಾಲಿ ಜಾಗ ಬೀಳುತ್ತದೆ. ಆ ಸ್ಥಿತಿಯಲ್ಲಿ ಹೊಡೆದರೆ ಜಾರಿ ನಿಂತ ಚರೆ ನಳಿಗೆಗೆ ಬಿರಡೆಯಂತೆ ಅಡ್ಡ ನಿಲ್ಲುತ್ತದೆ. ನಳಿಗೆ ಉಬ್ಬುತ್ತದೆ, ಇಲ್ಲವೇ ಹಿಡಿದ ಕೈಯ ಬಳಿಯೇ ಸಿಡಿಯುತ್ತದೆ.

ಒಂದನ್ನೇ ಎರಡು ಮೂರು ಸಲ ಹೊಡೆದು ಇನ್ನೊಂದನ್ನು ತುಂಬಿಯೇ ಇಟ್ಟಿದ್ದರೆ, ಪ್ರತಿಸಲವೂ ಅದರ ಕೇಪು ತೆಗೆದು ಗಜದ ಗುರುತು ನೋಡಿ. ಗುರುತು ಬಾಯಿಗಿಂತ ಮೇಲೆ ನಿಂತರೆ ಈಡು ಜಾರಿದೆ. ಕೆಳಗೆ ಒತ್ತಿ ಮತ್ತೆ ಕೂರಿಸಿ, ಮುಂದಿನ ಸಲ ಒಂದಳತೆ ಬಿಗಿಯಾದ ಮೇಲುರಟ್ಟು ಹಾಕಿ.

ಲಕ್ಷಣ: ಹರಡಿಕೆ ಒಂದೇ ಕಡೆಗೆ ವಾಲುತ್ತದೆ

ಕೋವಿಯನ್ನು ಆಸರೆಯ ಮೇಲಿಟ್ಟು ಹೊಡೆದು ನೋಡಿ. ವಾಲುವಿಕೆ ಹೋದರೆ ತಪ್ಪು ಕೈಯದು. ಉಳಿದರೆ ತಿರುಚುವ ಚೋಕ್ ನೇರವಾಗಿ ಕೂತಿದೆಯೇ, ಎಳೆಗಳಲ್ಲಿ ಮಸಿ ಇದೆಯೇ ಎಂದು ನೋಡಿ. ಬಾಯಿಯ ಅಂಚಿನಲ್ಲಿ ತಗ್ಗಿದೆಯೇ ಎಂದು ಬೆರಳಾಡಿಸಿ, ಆದರೆ ಅದು ಖಾಲಿ ನಳಿಗೆಯಲ್ಲಿ ಮಾತ್ರ.

ಲಕ್ಷಣ: ಕೇಪು ಸಿಡಿಯಿತು, ಈಡು ಹೋಗಲಿಲ್ಲ

ಕನಿಷ್ಠ ಒಂದು ನಿಮಿಷ ಗುರಿಯ ಕಡೆಗೇ ಹಿಡಿದಿರಿ. ತಡವಾಗಿ ಹೊತ್ತಿಕೊಳ್ಳುವ ಈಡು ಮನುಷ್ಯ ನಳಿಗೆ ಇಣುಕುವ ಹೊತ್ತಿಗೇ ಹೊರಡುವುದುಂಟು. ನಂತರ ತಂತಿಯಿಂದ ನಿಪ್ಪಲ್ಲಿನ ತೂತು ಬಿಡಿಸಿ ಹೊಸ ಕೇಪು ಇಡಿ. ಎರಡು ಮೂರು ಕೇಪಿಗೂ ಆಗದಿದ್ದರೆ ಗಜದ ಗುರುತು ನೋಡಿ. ಮಾಮೂಲಿಗಿಂತ ಕೆಳಗೆ ಹೋದರೆ ಮದ್ದು ಹಾಕುವುದನ್ನೇ ಮರೆತಿದ್ದೀರಿ. ಮದ್ದಿರುವ ಈಡನ್ನು ತಿರುಪಿನಿಂದ ಎಳೆದು ತೆಗೆಯುವ ಕೆಲಸ ಹೊಸಬರದಲ್ಲ, ಅನುಭವಿಗಳ ಕೈಗೆ ಕೊಡಿ.

ಇಲ್ಲಿಗೆ ನಿಲ್ಲಿಸಿ, ಕೋವಿ ಕಮ್ಮಾರರನ್ನು ಕಾಣಿ

ಖಾಲಿ ನಳಿಗೆಯನ್ನು ಕೋವಿಯಿಂದ ಬಿಚ್ಚಿ ಬೆಳಕಿಗೆ ಹಿಡಿದಾಗ ಒಳಗೆ ಕಪ್ಪು ಉಂಗುರ ಕಂಡರೆ ಅಲ್ಲಿ ನಳಿಗೆ ಉಬ್ಬಿದೆ. ಹೊರಗೆ ಬೆರಳಿಗೂ ಏರು ಸಿಗಬಹುದು. ಅದರಲ್ಲಿ ಇನ್ನೊಂದು ಈಡೂ ಹೊಡೆಯಬಾರದು. ಉಕ್ಕು ಕಬ್ಬಿಣಗಳ ಪಟ್ಟಿ ಹೆಣೆದು ಬೆಸೆದ ಹಳೆಯ ನಳಿಗೆಗಳನ್ನು ಹೊರಗಿನ ಅಂದ ನೋಡಿ ಒಪ್ಪಬೇಡಿ. ತಳದ ಬಳಿ ಗೋಡೆಯ ದಪ್ಪ ಅಳೆಸಿ, ಒಳಗಿನ ತುಕ್ಕುಗುಳಿಗಳನ್ನು ತೋರಿಸಿದ ಮೇಲೆಯೇ ಮದ್ದು ಹಾಕಿ. ನಿಪ್ಪಲ್ ಅಲುಗಾಡುವುದು, ಕೇಪಿಗೆ ಬಡಿಯುವ ಕುದುರೆ ಅರ್ಧಕ್ಕೆ ನಿಲ್ಲದೆ ಜಾರುವುದು, ಜೋಡುನಳಿಗೆಗಳ ನಡುವಿನ ಬೆಸುಗೆ ಬಿಟ್ಟಿರುವುದು, ಇವೂ ಅದೇ ಸಾಲಿಗೆ ಸೇರುತ್ತವೆ.

ಹೂಜಿ ಚೋಕ್ ಕೊರೆಸುವ ಆಸೆಯಿದ್ದರೆ ಅದೂ ಅವರದೇ ಕೆಲಸ. ನಳಿಗೆಯ ಗೋಡೆ ಅಷ್ಟು ದಪ್ಪವಿದೆಯೇ ಎಂಬುದು ಅಳೆದವರಿಗಷ್ಟೇ ತಿಳಿಯುತ್ತದೆ. ಹೋಗುವಾಗ ಕೋವಿಯೊಂದನ್ನೇ ಒಯ್ಯಬೇಡಿ. ಐದು ಹಾಳೆಗಳಿಗೂ ಮದ್ದು, ಚರೆ, ವ್ಯಾಡಿನ ಅಳತೆ ಬರೆದು, ಆಯಾ ಈಡಿನ ರಟ್ಟನ್ನು ಹಾಳೆಯ ಮೂಲೆಗೆ ಅಂಟಿಸಿ ಒಯ್ಯಿರಿ. ಕಸುಬು ಬಲ್ಲವರು ಕೋವಿ ಕೈಗೆತ್ತಿಕೊಳ್ಳುವ ಮೊದಲು ಆ ರಟ್ಟುಗಳ ಅಂಚನ್ನು ನೋಡುತ್ತಾರೆ.